ಊಟದ ಹೊತ್ತು ಕಾಯುವ ನಾಡು

ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಫ್ರಾನ್ಸಿನಲ್ಲಿ ಹೆಚ್ಚುಕಡಿಮೆ ಅರ್ಧ ದೇಶ ಊಟಕ್ಕೆ ಕೂತಿರುತ್ತದೆ. ಜನರಿಂದಲೇ ದಿನಚರಿ ಬರೆಸಿ, ಇಪ್ಪತ್ತನಾಲ್ಕು ತಾಸನ್ನು ಅವರು ಹೇಗೆ ಕಳೆಯುತ್ತಾರೆಂದು ಲೆಕ್ಕ ಹಾಕುವ ಅಲ್ಲಿನ ರಾಷ್ಟ್ರೀಯ ಅಂಕಿಅಂಶ ಸಂಸ್ಥೆ ಇನ್ಸೇಯ ಸಮೀಕ್ಷೆಗಳಲ್ಲಿ ಕಂಡ ಸಂಗತಿ ಇದು. ಕಡಲ್ಗಾಲುವೆ ದಾಟಿ ಬ್ರಿಟನ್ನಿಗೆ ಹೋದರೆ ಲೆಕ್ಕ ಬೇರೆ. ಅಲ್ಲಿ ದಿನದ ಯಾವ ಗಳಿಗೆಯನ್ನು ತೆಗೆದುಕೊಂಡರೂ ಒಟ್ಟಿಗೆ ಉಣ್ಣುತ್ತಿರುವವರು ಐದರಲ್ಲಿ ಒಬ್ಬರನ್ನು ಮೀರುವುದಿಲ್ಲ; ಬೆಳಗಿನಿಂದ ರಾತ್ರಿಯವರೆಗೆ ಯಾರಾದರೊಬ್ಬರು ಏನಾದರೊಂದನ್ನು ತಿನ್ನುತ್ತಲೇ ಇರುತ್ತಾರೆ. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆ ತನ್ನ ಸದಸ್ಯ ದೇಶಗಳನ್ನು ಹೋಲಿಸಿದಾಗ ತಿನ್ನುವುದಕ್ಕೂ ಕುಡಿಯುವುದಕ್ಕೂ ದಿನಕ್ಕೆ ಎರಡು ತಾಸಿಗಿಂತ ಹೆಚ್ಚು ಹೊತ್ತು ಕೊಡುವ ಫ್ರೆಂಚರು ಮೊದಲ ಸಾಲಿನಲ್ಲಿದ್ದರು, ಒಂದು ತಾಸಿನ ಆಸುಪಾಸಿನಲ್ಲಿದ್ದ ಅಮೆರಿಕನ್ನರು ಕೊನೆಯಲ್ಲಿ. ಫ್ರಾನ್ಸಿನ ಆಹಾರದ ಬಗ್ಗೆ ಬರೆಯುವವರೆಲ್ಲ ಚೀಸು, ವೈನು, ಬಸವನಹುಳು, ಕಪ್ಪೆಯ ಕಾಲುಗಳಿಂದ ಶುರುಮಾಡುತ್ತಾರೆ. ನನಗೆ ಗಡಿಯಾರದಿಂದ ಶುರುಮಾಡುವುದು ಸರಿಯೆನಿಸುತ್ತದೆ. ಫ್ರೆಂಚರ ದಿನನಿತ್ಯದ ಊಟವನ್ನು ಹಿಡಿದಿಟ್ಟಿರುವುದು ನಾಲಗೆಯ ಸೂಕ್ಷ್ಮತೆಗಿಂತ ಹೆಚ್ಚಾಗಿ ಹೊತ್ತಿನ ಬಗ್ಗೆ ಇಡೀ ಸಮಾಜ ಮಾಡಿಕೊಂಡಿರುವ ಒಂದು ಒಪ್ಪಂದ. ಆ ಒಪ್ಪಂದವೂ ತಾನಾಗಿ ಬೆಳೆದು ನಿಂತದ್ದಲ್ಲ. ಕಾನೂನು, ಶಾಲೆ, ಕಾರ್ಖಾನೆ, ಬೇಕರಿ ಎಲ್ಲವೂ ಸೇರಿ ಅದನ್ನು ಕಟ್ಟಿವೆ, ಇಂದಿಗೂ ಕಾಯುತ್ತಿವೆ.

2010ರ ನವೆಂಬರ್‌ನಲ್ಲಿ ಯುನೆಸ್ಕೊ ‘ಫ್ರೆಂಚರ ಭೋಜನ ಪದ್ಧತಿ’ಯನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದ ಬಗೆಯಲ್ಲೇ ಇದಕ್ಕೊಂದು ಸಾಕ್ಷಿಯಿದೆ. ಎರಡು ವರ್ಷ ಮೊದಲು, 2008ರ ಕೃಷಿ ಮೇಳದಲ್ಲಿ, ಅಧ್ಯಕ್ಷ ನಿಕೊಲಾ ಸಾರ್ಕೊಜಿ ತಮ್ಮ ದೇಶದ ಪಾಕಕಲೆಯೇ ಜಗತ್ತಿನಲ್ಲಿ ಶ್ರೇಷ್ಠವೆಂದು ಸಾರಿ, ಆ ಮಾನ್ಯತೆಗೆ ಅರ್ಜಿ ಹಾಕುವುದಾಗಿ ಘೋಷಿಸಿದ್ದರು. ಯಾರ ಅಡುಗೆ ಮೇಲು, ಯಾರದು ಕೀಳು ಎಂದು ತೀರ್ಪು ಕೊಡುವುದು ಯುನೆಸ್ಕೊದ ಕೆಲಸವಲ್ಲ. ಭೂಗೋಳ ಶಾಸ್ತ್ರಜ್ಞ ಜಾನ್ ರೊಬೆರ್ ಪಿತ್ ಮತ್ತು ತೂರ್ ನಗರದ ಆಹಾರ ಇತಿಹಾಸ ಸಂಸ್ಥೆಯವರು ಈ ಪ್ರಯತ್ನಕ್ಕೆ ಹೆಗಲು ಕೊಟ್ಟರು. ಕೊನೆಗೆ ಪಟ್ಟಿಗೆ ಸೇರಿದ್ದು ಯಾವ ಖಾದ್ಯವೂ ಅಲ್ಲ, ಯಾವ ಬಾಣಸಿಗನ ಕೈಚಳಕವೂ ಅಲ್ಲ. ಹುಟ್ಟು, ಮದುವೆ, ಹುಟ್ಟುಹಬ್ಬ, ಪುನರ್ಮಿಲನದಂಥ ಸಂದರ್ಭಗಳಲ್ಲಿ ಜನ ಒಂದೆಡೆ ಕೂಡುವುದು, ಮೇಜನ್ನು ಒಪ್ಪವಾಗಿ ಸಿಂಗರಿಸುವುದು, ಮೊದಲ ತಟ್ಟೆ, ತರಕಾರಿಯೊಡನೆ ಮೀನು ಅಥವಾ ಮಾಂಸ, ಆಮೇಲೆ ಚೀಸು, ಕೊನೆಗೆ ಸಿಹಿ ಎಂಬ ಕ್ರಮದಲ್ಲಿ ಬಡಿಸುವುದು, ತಿನ್ನುತ್ತಿರುವುದರ ಬಗ್ಗೆ ತಿನ್ನುತ್ತಲೇ ಮಾತಾಡುವುದು. ಸಾರುಗಳ ಹೆಸರು ಬಿಟ್ಟು ಪಂಕ್ತಿಯ ಕ್ರಮವನ್ನೇ ದಾಖಲಿಸಿದಂತೆ. ಹೆಮ್ಮೆಯಿಂದ ಶುರುವಾದ ಆ ಅರ್ಜಿ, ತನಗೆ ಅರಿವಿಲ್ಲದಂತೆಯೇ, ನಿಜಕ್ಕೆ ಹತ್ತಿರ ಬಂದು ನಿಂತಿತು.

ಈ ಕ್ರಮ ಎಷ್ಟು ಹಳೆಯದು? ನಂಬಿರುವಷ್ಟು ಹಳೆಯದಲ್ಲ. ಅರಸರ ಕಾಲದ ‘ಫ್ರೆಂಚ್ ಬಡಿಸುವಿಕೆ’ಯಲ್ಲಿ ಹತ್ತಾರು ಪಾತ್ರೆಗಳನ್ನು ಒಂದೇ ಸಲಕ್ಕೆ ಮೇಜಿನ ತುಂಬ ಹರಡುತ್ತಿದ್ದರು, ಕೈಗೆ ಎಟುಕಿದ್ದು ಬಾಯಿಗೆ. ಒಂದಾದ ಮೇಲೊಂದು ತಟ್ಟೆ ಬರುವ ಪದ್ಧತಿ ಫ್ರಾನ್ಸಿನಲ್ಲಿ ನೆಲೆಯೂರಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ಅದೂ ‘ರಷ್ಯನ್ ಬಡಿಸುವಿಕೆ’ ಎಂಬ ಹೆಸರಿನಲ್ಲಿ. ಊಟದ ಹೊತ್ತುಗಳೂ ಹಾಗೆಯೇ ಜರುಗಿವೆ. ಇಂದು ಪ್ಯಾರಿಸ್ಸಿನಲ್ಲಿ ‘ದೇಜನೆ’ ಎಂದರೆ ಮಧ್ಯಾಹ್ನದೂಟ, ‘ದೀನೆ’ ಎಂದರೆ ರಾತ್ರಿಯೂಟ. ಆದರೆ ದೇಜನೆ ಎಂಬ ಪದದ ಮೂಲಾರ್ಥ ಉಪವಾಸ ಮುರಿಯುವುದು, ಅಂದರೆ ಬೆಳಗಿನ ತಿಂಡಿ. ಕ್ವಿಬೆಕ್‌ನಲ್ಲಿ, ಬೆಲ್ಜಿಯಂ ಮತ್ತು ಸ್ವಿಟ್ಜರ್ಲೆಂಡಿನ ಫ್ರೆಂಚ್ ಮಾತಾಡುವ ಭಾಗಗಳಲ್ಲಿ ಈಗಲೂ ದೇಜನೆ ಬೆಳಗಿನದೇ, ದೀನೆ ಮಧ್ಯಾಹ್ನದ್ದೇ. ಪ್ಯಾರಿಸ್ಸಿನ ಸಿರಿವಂತರು ಸಂಜೆಯ ನಾಟಕ, ಕಚೇರಿ, ಭೇಟಿಗಳಿಗೆ ತಕ್ಕಂತೆ ಊಟವನ್ನು ತಡಮಾಡುತ್ತ ಹೋದಾಗ ಪದಗಳೂ ಅವರ ಬೆನ್ನುಹತ್ತಿದವು. ದೂರದಲ್ಲಿದ್ದವರ ಬಾಯಲ್ಲಿ ಹಳೆಯ ಹೊತ್ತು ಉಳಿದುಕೊಂಡಿತು. ಇನ್ನು ಹಳ್ಳಿಗರ ಊಟವೆಂದರೆ ಬಹುಕಾಲ ರೊಟ್ಟಿ ಮತ್ತು ಸೂಪು. ಉತ್ತರದಲ್ಲಿ ಬೆಣ್ಣೆ, ಮೆಡಿಟರೇನಿಯನ್ ತೀರದಲ್ಲಿ ಆಲಿವ್ ಎಣ್ಣೆ, ನೈಋತ್ಯದಲ್ಲಿ ಬಾತುಕೋಳಿಯ ಕೊಬ್ಬು; ಬ್ರಿಟನಿಯಲ್ಲಿ ಕಪ್ಪು ಧಾನ್ಯವಾದ ಬಕ್‌ವೀಟಿನ ದೋಸೆ ಮತ್ತು ಸೇಬಿನ ಸೈಡರ್, ಅಲ್ಸಾಸ್‌ನಲ್ಲಿ ಹುಳಿಗೋಸು ಮತ್ತು ಬಿಯರು. ಇಷ್ಟು ಸೀಮೆಗಳಾಗಿ ಒಡೆದಿದ್ದ ನಾಡನ್ನು ಒಂದೇ ಖಾದ್ಯ ಒಗ್ಗೂಡಿಸುವುದು ಸಾಧ್ಯವಿರಲಿಲ್ಲ. ಒಗ್ಗೂಡಿಸಿದ್ದು ತಿನ್ನುವ ಹೊತ್ತು ಮತ್ತು ಬಡಿಸುವ ಸರದಿ.

ಆ ಹೊತ್ತಿನ ಜೊತೆಗೆ ಎಲ್ಲ ಮೇಜುಗಳ ಮೇಲೂ ಇರುತ್ತಿದ್ದದ್ದು ರೊಟ್ಟಿ, ಅಂದರೆ ಬ್ರೆಡ್ಡು. ಫ್ರಾನ್ಸಿನ ಮಟ್ಟಿಗೆ ಅದು ರಾಜಕೀಯ ವಸ್ತು. 1789ರ ಅಕ್ಟೋಬರ್‌ನಲ್ಲಿ ಪ್ಯಾರಿಸ್ಸಿನ ಸಂತೆ ಹೆಂಗಸರು ರೊಟ್ಟಿಗಾಗಿ ಕೂಗುತ್ತ ವರ್ಸೈಲ್ಸ್‌ಗೆ ನಡೆದು ಅರಸನನ್ನೇ ರಾಜಧಾನಿಗೆ ಎಳೆತಂದರು. ಅಂದಿನಿಂದ ಯಾವ ಸರ್ಕಾರವೂ ಅದನ್ನು ಬರೀ ವ್ಯಾಪಾರದ ಸರಕಾಗಿ ನೋಡುವ ಧೈರ್ಯ ಮಾಡಲಿಲ್ಲ. 1970ರ ದಶಕದ ಕೊನೆಯವರೆಗೂ ಅದರ ಬೆಲೆಯ ಮೇಲೆ ಸರ್ಕಾರದ ಹಿಡಿತವಿತ್ತು. ಪ್ಯಾರಿಸ್ಸಿನ ಬೇಕರಿಗಳೆಲ್ಲ ಬೇಸಗೆ ರಜೆಗೆ ಒಟ್ಟಿಗೆ ಬಾಗಿಲು ಹಾಕದೆ, ಕೆಲವರು ಜುಲೈನಲ್ಲಿ, ಕೆಲವರು ಆಗಸ್ಟ್‌ನಲ್ಲಿ ಸರದಿಯಂತೆ ಹೋಗಬೇಕೆಂಬ ಕಟ್ಟಳೆ ಸಡಿಲವಾದದ್ದು ತೀರ ಈಚೆಗೆ, 2015ರಲ್ಲಿ. 1993ರ ಸರ್ಕಾರಿ ಆದೇಶದ ಪ್ರಕಾರ ‘ಫ್ರೆಂಚ್ ಸಂಪ್ರದಾಯದ ರೊಟ್ಟಿ’ ಎಂದು ಮಾರಬೇಕಾದರೆ ಹಿಟ್ಟನ್ನು ಯಾವ ಹಂತದಲ್ಲೂ ಹೆಪ್ಪುಗಟ್ಟಿಸುವಂತಿಲ್ಲ, ಸಂರಕ್ಷಕ ರಾಸಾಯನಿಕ ಬೆರೆಸುವಂತಿಲ್ಲ. 1998ರ ಕಾನೂನು ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ಹಿಟ್ಟು ನಾದಿ, ಹುಳಿಯೇಳಿಸಿ, ಸುಡುವ ಕೆಲಸ ಮಾರುವ ಜಾಗದಲ್ಲೇ ನಡೆಯದಿದ್ದರೆ ಆ ಅಂಗಡಿ ‘ಬುಲಾಂಜ್ರಿ’ ಎಂದು ಫಲಕ ಹಾಕುವಂತಿಲ್ಲ. 2022ರಲ್ಲಿ ಬಗೆಟ್ ಎಂಬ ಉದ್ದನೆಯ ರೊಟ್ಟಿಯ ತಯಾರಿಯ ಕುಶಲತೆಯೂ ಯುನೆಸ್ಕೊ ಪಟ್ಟಿಗೆ ಸೇರಿತು. ಇಷ್ಟೆಲ್ಲ ಕಾವಲು ಯಾಕೆ ಬೇಕಾಯಿತು? ತಿನ್ನುವುದು ಕಡಿಮೆಯಾದದ್ದರಿಂದ. 1900ರ ಸುಮಾರಿಗೆ ಒಬ್ಬ ಫ್ರೆಂಚನ ಪಾಲಿಗೆ ದಿನಕ್ಕೆ 900 ಗ್ರಾಂನಷ್ಟು ರೊಟ್ಟಿ ಬರುತ್ತಿತ್ತು. ಈಗ ಅದು ನೂರು ಗ್ರಾಂ ಚಿಲ್ಲರೆಗೆ ಇಳಿದಿದೆ. ಹೊಟ್ಟೆ ತುಂಬಿಸುವ ಕೆಲಸ ಮುಗಿದ ಮೇಲೂ ರೊಟ್ಟಿ ಮೇಜು ಬಿಟ್ಟು ಹೋಗಲಿಲ್ಲ. ಸಂಜೆ ಬೇಕರಿಯ ಮುಂದೆ ಸಾಲು ನಿಲ್ಲುವುದು, ಮನೆಗೆ ನಡೆಯುತ್ತಲೇ ಬಗೆಟ್‌ನ ತುದಿ ಮುರಿದು ಬಾಯಿಗೆ ಹಾಕಿಕೊಳ್ಳುವುದು ಈಗಲೂ ಊಟದ ಹೊತ್ತು ಹತ್ತಿರವಾದದ್ದರ ಗುರುತು. ಗೆಳೆಯನಿಗೆ ಅವರು ಹೇಳುವ ‘ಕೊಪಾಂ’ ಎಂಬ ಮಾತಿನೊಳಗೇ ರೊಟ್ಟಿ ಹಂಚಿಕೊಳ್ಳುವವನು ಎಂಬ ಲ್ಯಾಟಿನ್ ಅರ್ಥ ಅಡಗಿದೆ.

ಮನೆಯ ಹೊರಗೆ ಈ ಹೊತ್ತನ್ನು ಕಾದವರು ಯಾರೆಂದು ಕೇಳಿದರೆ ಮೊದಲ ಉತ್ತರ ದುಡಿಮೆಯ ಕಾನೂನು. ಕೆಲಸ ಮಾಡುವ ಜಾಗದಲ್ಲಿ ಊಟ ಮಾಡಕೂಡದೆಂಬ ನಿಯಮ 1894ರಷ್ಟು ಹಿಂದಿನದು. ಕಾರ್ಖಾನೆಯ ದೂಳು, ಸೀಸ, ವಿಷದ ಹಬೆಗಳು ಅನ್ನದೊಡನೆ ಹೊಟ್ಟೆ ಸೇರದಿರಲೆಂಬ ಕಾಳಜಿಯಿಂದ ಹುಟ್ಟಿದ ನಿಯಮವದು. ಸೊಗಸಿಗೂ ಅದಕ್ಕೂ ಸಂಬಂಧವಿರಲಿಲ್ಲ. ಆದರೆ ಅದರ ಫಲ ಆರೋಗ್ಯವನ್ನು ದಾಟಿ ಹೋಯಿತು. ಯಂತ್ರದ ಬಳಿ ಉಣ್ಣಬಾರದೆಂದಾಗ ಎಲ್ಲರೂ ಎದ್ದು ಹೊರಗೆ ಬರಬೇಕಾಯಿತು, ಬಂದವರು ಒಟ್ಟಿಗೆ ಕೂರಬೇಕಾಯಿತು. 1967ರಲ್ಲಿ ಊಟದ ಚೀಟಿಗಳಿಗೆ ಕಾನೂನಿನ ಚೌಕಟ್ಟು ಸಿಕ್ಕಿತು. ಊಟದ ಖರ್ಚಿನ ಒಂದು ಪಾಲನ್ನು ಮಾಲೀಕ ಹೊರುವ ಈ ವ್ಯವಸ್ಥೆ ಸಣ್ಣ ಕಚೇರಿಯ ನೌಕರರನ್ನೂ ಹತ್ತಿರದ ಹೋಟೆಲಿನ ಮೇಜಿಗೆ ತಂದು ಕೂರಿಸಿತು. ಹೋಟೆಲುಗಳೂ ಅದೇ ತಾಳಕ್ಕೆ ಹೆಜ್ಜೆ ಹಾಕುತ್ತವೆ. ಹನ್ನೆರಡರಿಂದ ಎರಡರವರೆಗೆ ಒಲೆ ಉರಿದು ಆರುತ್ತದೆ, ಮತ್ತೆ ಹೊತ್ತಿಕೊಳ್ಳುವುದು ಸಂಜೆ ಏಳಕ್ಕೆ. ದಿನವಿಡೀ ತಿಂಡಿ ಸಿಗುವ ದರ್ಶಿನಿಗಳಿಗೆ ಒಗ್ಗಿದ ಬೆಂಗಳೂರಿನ ಪ್ರವಾಸಿ ನಾಲ್ಕು ಗಂಟೆಗೆ ಹಸಿದು ಸಣ್ಣ ಊರೊಂದರಲ್ಲಿ ಅಲೆದರೆ ಕಾಫಿ ಸಿಗಬಹುದು, ಊಟ ಸಿಗುವುದು ಕಷ್ಟ. ಗಿರಾಕಿಯ ಹಸಿವಿಗಿಂತ ಊರಿನ ಹೊತ್ತು ದೊಡ್ಡದು ಎಂಬ ಈ ಹಟ ಹೊರಗಿನವರಿಗೆ ಬಿರುಸಾಗಿ ಕಾಣುತ್ತದೆ. ಅದೇ ಹಟ ಅಡುಗೆಯವನಿಗೂ ಬಡಿಸುವವನಿಗೂ ನಡುವೆ ಬಿಡುವು ಕೊಡುತ್ತದೆ ಎಂಬುದನ್ನೂ ನೆನೆಯಬೇಕು.

ಎರಡನೆಯ ಉತ್ತರ ಶಾಲೆ, ಮತ್ತು ನನ್ನ ಎಣಿಕೆಯಲ್ಲಿ ಅದೇ ಹೆಚ್ಚು ಮುಖ್ಯವಾದದ್ದು. ಫ್ರಾನ್ಸಿನ ಶಾಲಾ ಊಟದ ಮನೆ ‘ಕಾಂತೀನ್’ ಹೊಟ್ಟೆ ತುಂಬಿಸುವ ಜಾಗವೂ ಹೌದು, ಪಾಠದ ಮನೆಯೂ ಹೌದು. ಪುಟ್ಟ ಮಕ್ಕಳೂ ಕೂತು, ಮೊದಲು ತರಕಾರಿಯ ತಟ್ಟೆ, ಆಮೇಲೆ ಮುಖ್ಯ ತಟ್ಟೆ, ಚೀಸು ಅಥವಾ ಮೊಸರು, ಹಣ್ಣು ಅಥವಾ ಸಿಹಿ ಎಂಬ ಸರದಿಯಲ್ಲೇ ಉಣ್ಣುತ್ತಾರೆ. 2011ರ ನಿಯಮಗಳು ಕರಿದ ಪದಾರ್ಥ ಎಷ್ಟು ಸಲ ಬರಬಹುದೆಂದು ಮಿತಿ ಹಾಕಿದವು, ಕೆಚಪ್ಪು ಬೇಕಾಬಿಟ್ಟಿ ಸಿಗದಂತೆ ಮಾಡಿದವು, ನೀರು ಮತ್ತು ರೊಟ್ಟಿಗೆ ಮಾತ್ರ ಮಿತಿಯಿಲ್ಲ ಎಂದವು. 2018ರ ಎಗಾಲಿಮ್ ಕಾನೂನಿನಂತೆ 2022ರಿಂದ ಸರ್ಕಾರಿ ಊಟದ ಮನೆಗಳ ಸಾಮಗ್ರಿಯಲ್ಲಿ ಅರ್ಧದಷ್ಟು ಗುಣಮಟ್ಟ ಮತ್ತು ಸುಸ್ಥಿರತೆಯ ಮಾನದಂಡಕ್ಕೆ ತಕ್ಕದ್ದಿರಬೇಕು, ಶೇಕಡಾ 20 ಸಾವಯವವಾಗಿರಬೇಕು. ವಾರಕ್ಕೊಮ್ಮೆ ಸಸ್ಯಾಹಾರದ ಊಟವೂ ಕಡ್ಡಾಯವಾಯಿತು. ಈ ಶಿಸ್ತನ್ನು ಅನಾದಿಯ ಸಂಸ್ಕೃತಿ ಎನ್ನುವವರಿಗೆ ಒಂದು ಸಂಗತಿ ಹೇಳಬೇಕು. ಶಾಲೆಯ ಊಟದಲ್ಲಿ ಹದಿನಾಲ್ಕು ವರ್ಷದೊಳಗಿನ ಮಕ್ಕಳಿಗೆ ವೈನು, ಬಿಯರು, ಸೈಡರು ಕೊಡಕೂಡದೆಂಬ ಸುತ್ತೋಲೆ ಬಂದದ್ದು 1956ರಲ್ಲಿ; ದೊಡ್ಡ ತರಗತಿಗಳಿಗೂ ಅದು ನಿಂತದ್ದು 1981ರಲ್ಲಿ. ಇಂದು ಸಹಜವಾಗಿ ಕಾಣುವ ಮಿತಾಹಾರವನ್ನು ಎರಡು ಮೂರು ತಲೆಮಾರಿನ ಹಿಂದೆ ಯಾರೋ ಕೂತು ಬರೆದು ಜಾರಿಗೆ ತಂದರು. ಸಂಜೆ ನಾಲ್ಕೂವರೆಗೆ ಮಕ್ಕಳಿಗೆ ಕೊಡುವ ‘ಗೂತೆ’ ಎಂಬ ಕಿರುತಿಂಡಿಯೂ ಇದೇ ಶಿಸ್ತಿನ ಭಾಗ: ಅದಕ್ಕೊಂದು ಹೊತ್ತುಂಟು, ಆ ಹೊತ್ತು ಮೀರಿದರೆ ರಾತ್ರಿಯೂಟದವರೆಗೆ ಕಾಯಬೇಕು.

ಹೀಗೆ ಬೆಳೆದವರ ಮನಸ್ಸಿನಲ್ಲಿ ಅನ್ನದ ಬಗ್ಗೆ ಯಾವ ಭಾವ ನೆಲೆಸುತ್ತದೆ? ಸಮಾಜಶಾಸ್ತ್ರಜ್ಞ ಕ್ಲೋದ್ ಫಿಶ್ಲೆರ್ ತಮ್ಮ ಸಹೋದ್ಯೋಗಿಗಳೊಡನೆ ಆರು ದೇಶಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಚೆನ್ನಾಗಿ ತಿನ್ನುವುದು ಎಂದರೇನೆಂದು ಕೇಳಿದಾಗ ಅಮೆರಿಕನ್ನರು ಪೋಷಕಾಂಶ, ಕೊಬ್ಬು, ವೈಯಕ್ತಿಕ ಹೊಣೆಯ ಮಾತಾಡಿದರು. ಫ್ರೆಂಚರು ಯಾರ ಜೊತೆ ಕೂತು, ಎಷ್ಟು ಹೊತ್ತು ಉಂಡೆವು ಎಂಬುದರ ಮಾತಾಡಿದರು. ಮನಃಶಾಸ್ತ್ರಜ್ಞ ಪಾಲ್ ರೋಜಿನ್ 1999ರ ಅಧ್ಯಯನದಲ್ಲಿ ಚಾಕೊಲೇಟ್ ಕೇಕ್ ಎಂದೊಡನೆ ತಪ್ಪಿನ ಭಾವ ಬರುತ್ತದೋ ಹಬ್ಬದ ಭಾವ ಬರುತ್ತದೋ ಎಂದು ಕೇಳಿದರು. ಹಬ್ಬದ ಕಡೆಗೆ ಹೆಚ್ಚು ವಾಲಿದವರು ಫ್ರೆಂಚರು. 2003ರಲ್ಲಿ ಅದೇ ರೋಜಿನ್ ಬಳಗ ಪ್ಯಾರಿಸ್ ಮತ್ತು ಫಿಲಡೆಲ್ಫಿಯಾದ ಒಂದೇ ಬಗೆಯ ಹೋಟೆಲುಗಳಲ್ಲಿ ತಟ್ಟೆಯ ತೂಕ ನೋಡಿತು: ಪ್ಯಾರಿಸ್ಸಿನಲ್ಲಿ ಸರಾಸರಿ 277 ಗ್ರಾಂ, ಫಿಲಡೆಲ್ಫಿಯಾದಲ್ಲಿ 346 ಗ್ರಾಂ. ಚಿಕ್ಕ ತಟ್ಟೆ, ಉದ್ದ ಊಟ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ನಾವು ಎರಡನ್ನು ಬೇರೆ ಬೇರೆ ವಿದ್ಯೆಗಳಾಗಿ ಹೇಳುತ್ತೇವೆ. ಫ್ರೆಂಚ್ ಮಗು ಎರಡನ್ನೂ ಒಂದೇ ಮೇಜಿನಲ್ಲಿ, ಒಂದೇ ಹೊತ್ತಿನಲ್ಲಿ ಕಲಿಯುತ್ತದೆ. 1991ರಲ್ಲಿ ಅಮೆರಿಕದ ಟೆಲಿವಿಷನ್ ಕಾರ್ಯಕ್ರಮವೊಂದು ಸಂಶೋಧಕ ಸೆರ್ಜ್ ರೆನೊ ಅವರ ಮಾತನ್ನು ಪ್ರಸಾರ ಮಾಡಿ, ಬೆಣ್ಣೆ ಚೀಸು ತಿಂದರೂ ಫ್ರೆಂಚರಿಗೆ ಹೃದ್ರೋಗ ಕಡಿಮೆಯಿರಲು ಕೆಂಪು ವೈನೇ ಕಾರಣವೆಂಬ ನಂಬಿಕೆ ಹಬ್ಬಿಸಿತು. ಆದರೆ 1960ರ ಹೊತ್ತಿಗೆ ತಲೆಗೆ ವರ್ಷಕ್ಕೆ ನೂರು ಲೀಟರು ದಾಟಿದ್ದ ವೈನ್ ಸೇವನೆ ಈಗ ನಲವತ್ತು ಲೀಟರಿನ ಆಸುಪಾಸಿಗೆ ಇಳಿದಿದೆ, 1991ರ ಎವೆಂ ಕಾನೂನು ಮದ್ಯದ ಜಾಹೀರಾತಿಗೆ ಮೂಗುದಾರ ಹಾಕಿದೆ. ಸೀಸೆಗೆ ಕೊಟ್ಟ ಶ್ರೇಯಸ್ಸಿನಲ್ಲಿ ದೊಡ್ಡ ಪಾಲನ್ನು ಮೇಜಿಗೆ ಕೊಡುವುದು ನ್ಯಾಯ.

ಇದೆಲ್ಲ ಹಳೆಯ ಕಥೆ, ಫ್ರೆಂಚರೂ ಬರ್ಗರ್ ತಿನ್ನುವವರಾಗಿದ್ದಾರೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. 1979ರಲ್ಲಿ ಸ್ಟ್ರಾಸ್‌ಬರ್ಗ್‌ಗೆ ಕಾಲಿಟ್ಟ ಮ್ಯಾಕ್‌ಡೊನಾಲ್ಡ್ಸ್‌ಗೆ ಅಮೆರಿಕದ ಹೊರಗೆ ಇಂದು ಫ್ರಾನ್ಸ್ ಅತಿದೊಡ್ಡ ಮಾರುಕಟ್ಟೆಗಳಲ್ಲೊಂದು. 1999ರ ಆಗಸ್ಟ್‌ನಲ್ಲಿ ಜೊಸೆ ಬೊವೆ ನೇತೃತ್ವದ ರೈತರು ಮಿಯೊ ಪಟ್ಟಣದಲ್ಲಿ ಕಟ್ಟುತ್ತಿದ್ದ ಅದರ ಅಂಗಡಿಯನ್ನು ಬಿಚ್ಚಿಹಾಕಿದ್ದು ಜಗತ್ತಿಗೆಲ್ಲ ಸುದ್ದಿಯಾಯಿತು, ಅಂಗಡಿಗಳ ಸಂಖ್ಯೆ ಮಾತ್ರ ಏರುತ್ತಲೇ ಹೋಯಿತು. ಆದರೆ ರೋಜಿನ್ ಬಳಗದ ಅಧ್ಯಯನದ ಇನ್ನೊಂದು ಅಂಕಿ ಇಲ್ಲಿ ಬೆಳಕು ಚೆಲ್ಲುತ್ತದೆ: ಅದೇ ಕಂಪನಿಯ ಅಂಗಡಿಯಲ್ಲಿ ಪ್ಯಾರಿಸ್ಸಿನವರು ಸರಾಸರಿ 22 ನಿಮಿಷ ಕೂತರು, ಫಿಲಡೆಲ್ಫಿಯಾದವರು 14 ನಿಮಿಷ. ತಟ್ಟೆ ಬದಲಾದರೂ ಕೂರುವ ರೂಢಿ ಅಷ್ಟು ಬೇಗ ಬದಲಾಗುವುದಿಲ್ಲ. ಹಾಗೆಂದು ಎಲ್ಲವೂ ಕ್ಷೇಮವೆಂದು ಹೇಳಲಾರೆ. 1997ರಲ್ಲಿ ವಯಸ್ಕರಲ್ಲಿ ಶೇಕಡಾ 8.5ರಷ್ಟಿದ್ದ ಬೊಜ್ಜು 2020ಕ್ಕೆ ಶೇಕಡಾ 17ಕ್ಕೆ, ಅಂದರೆ ಎರಡು ಪಟ್ಟಿಗೆ ಏರಿದೆ. ಆ ಏರಿಕೆ ಸಮವಾಗಿ ಹಂಚಿಹೋಗಿಲ್ಲ. ಗಣಿ, ಗಿರಣಿಗಳು ಮುಚ್ಚಿದ ಉತ್ತರದ ಸೀಮೆಯಲ್ಲಿ ಅದು ಹೆಚ್ಚು, ಪ್ಯಾರಿಸ್ ಸುತ್ತಮುತ್ತ ಕಡಿಮೆ. ಕೆಲಸ ಹೋದವನಿಗೆ, ಪಾಳಿ ದಿನದಿನಕ್ಕೂ ಬದಲಾಗುವವನಿಗೆ ಎಲ್ಲರೊಡನೆ ಒಂದು ಗಂಟೆಗೆ ಕೂರುವ ಭಾಗ್ಯವೇ ಇಲ್ಲ. ಹೊತ್ತು ಮುರಿದಲ್ಲಿ ಮೈಯೂ ಕೆಡುತ್ತದೆಂದು ಈ ಅಂಕಿಗಳಿಂದ ಸಾಧಿಸಲಾಗದು, ಆದರೆ ಅನುಮಾನಕ್ಕೆ ಸಾಕಷ್ಟು ಕಾರಣವಿದೆ.

ಇನ್ನೂ ಗಟ್ಟಿಯಾದ ಆಕ್ಷೇಪ ಫ್ರಾನ್ಸಿನೊಳಗಿನಿಂದಲೇ ಬಂದದ್ದು. ಸಮಾಜಶಾಸ್ತ್ರಜ್ಞ ಪಿಯೆರ್ ಬೂರ್ದಿಯೊ 1979ರಲ್ಲಿ ಪ್ರಕಟಿಸಿದ ‘ಲಾ ದಿಸ್ತಾಂಕ್ಷಿಯೊಂ’ ಗ್ರಂಥ ರುಚಿ ಎನ್ನುವುದು ವರ್ಗದ ಬೇಲಿಯೆಂದು ವಾದಿಸಿತು: ದುಡಿಯುವವರು ಹೊಟ್ಟೆ ತುಂಬುವ ಗಟ್ಟಿ ಊಟ ಬಯಸುತ್ತಾರೆ, ಮೇಲ್ವರ್ಗದವರು ರೂಪ ಮತ್ತು ಕ್ರಮವನ್ನು ಮೆರೆದು ತಮ್ಮನ್ನು ಬೇರ್ಪಡಿಸಿಕೊಳ್ಳುತ್ತಾರೆ. ಹಾಗಾದರೆ ನಾಲ್ಕು ತಟ್ಟೆಗಳ ಊಟವನ್ನು ಎಲ್ಲ ಫ್ರೆಂಚರದ್ದೆಂದು ಹೇಳುವುದು ಸಿರಿವಂತರ ಮನೆಯ ಚಿತ್ರವನ್ನು ದೇಶದ ಗೋಡೆಗೆ ತೂಗುಹಾಕಿದಂತಲ್ಲವೆ? ಈ ಮಾತಿನಲ್ಲಿ ತಥ್ಯವಿದೆ. 1985ರಲ್ಲಿ ಹಾಸ್ಯನಟ ಕೊಲುಷ್ ಶುರುಮಾಡಿದ ‘ರೆಸ್ತೊ ದ್ಯು ಕರ್’ ಒಂದೆರಡು ಚಳಿಗಾಲಕ್ಕೆಂದು ಹುಟ್ಟಿದ ಅನ್ನದಾನದ ಕೆಲಸ. ನಾಲ್ಕು ದಶಕ ಕಳೆದರೂ ಅದನ್ನು ಮುಚ್ಚುವ ದಿನ ಬಂದಿಲ್ಲ, ನೆರವು ಕೇಳಿ ಬರುವವರು ಹೆಚ್ಚುತ್ತಿದ್ದಾರೆ. ಸಾವಧಾನದ ಊಟದ ಹಿಂದೆ ಹೆಂಗಸರ ದುಡಿಮೆಯಿದೆ; ಇನ್ಸೇಯ ದಿನಚರಿಗಳೇ ತೋರಿಸುವಂತೆ ಮನೆಗೆಲಸದ ದೊಡ್ಡ ಪಾಲು ಈಗಲೂ ಅವರ ಹೆಗಲ ಮೇಲಿದೆ. ಆದರೂ ಬೂರ್ದಿಯೊ ನೋಡಿದ್ದು ಮುಖ್ಯವಾಗಿ ತಟ್ಟೆಯಲ್ಲಿ ಏನಿದೆ, ಹೇಗಿದೆ ಎಂಬುದನ್ನು. ಯಾವಾಗ ಎಂಬ ಪ್ರಶ್ನೆಯಲ್ಲಿ ವರ್ಗದ ಅಂತರ ಅಷ್ಟು ಆಳವಾಗಿಲ್ಲ. ಕೂಲಿಗಾರನೂ ವಕೀಲನೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಊಟಕ್ಕೆ ಏಳುತ್ತಾರೆ. ಶಾಲೆಯ ಊಟದ ಮನೆಯಲ್ಲಿ ಅವರ ಮಕ್ಕಳು ಒಂದೇ ಸಾಲಿನಲ್ಲಿ ಕೂರುತ್ತಾರೆ, ಬಹಳಷ್ಟು ಊರುಗಳಲ್ಲಿ ಶುಲ್ಕ ತಂದೆತಾಯಿಯ ವರಮಾನಕ್ಕೆ ತಕ್ಕಂತೆ ಇಳಿಯುತ್ತದೆ, 2019ರಿಂದ ಬಡ ಊರುಗಳಲ್ಲಿ ಒಂದು ಯೂರೊಗೆ ಊಟ ಕೊಡಲು ಸರ್ಕಾರ ನೆರವಾಗುತ್ತಿದೆ. ಬೇಲಿ ದಾಟಿಸಬಲ್ಲ ಸಾಧನ ಎಲ್ಲಾದರೂ ಇದ್ದರೆ ಅದು ಅಲ್ಲಿದೆ.

ಅದೇ ಊಟದ ಮನೆಯಲ್ಲೇ ಅತ್ಯಂತ ಕಹಿಯಾದ ಜಗಳವೂ ನಡೆದಿದೆ. 2015ರಲ್ಲಿ ಶಾಲೊಂ ಸ್ಯುರ್ ಸೋನ್ ಪಟ್ಟಣದ ಆಡಳಿತ, ಹಂದಿಮಾಂಸ ಬಡಿಸುವ ದಿನ ಬೇರೆ ಖಾದ್ಯ ಕೊಡುವ ಮೂರು ದಶಕಗಳ ರೂಢಿಯನ್ನು ಸೆಕ್ಯುಲರ್ ತತ್ವದ ಹೆಸರಿನಲ್ಲಿ ನಿಲ್ಲಿಸಿತು. ಮುಸ್ಲಿಂ, ಯಹೂದಿ ಮಕ್ಕಳ ಮುಂದಿದ್ದ ತಟ್ಟೆ ಖಾಲಿಯಾಯಿತು. ಪ್ರಕರಣ ನ್ಯಾಯಾಲಯಗಳನ್ನು ಹತ್ತಿ, 2020ರ ಡಿಸೆಂಬರ್‌ನಲ್ಲಿ ಅತ್ಯುನ್ನತ ಆಡಳಿತ ನ್ಯಾಯಾಲಯ ಅಂಥ ಬದಲಿ ಊಟ ಕೊಡುವುದು ಕಡ್ಡಾಯವೂ ಅಲ್ಲ, ಸೆಕ್ಯುಲರ್ ತತ್ವ ಅದನ್ನು ತಡೆಯುವುದೂ ಇಲ್ಲ ಎಂದು ತೀರ್ಪಿತ್ತಿತು. ಎರಡೇ ತಿಂಗಳಲ್ಲಿ ಲಿಯೊಂ ನಗರ ಕೊರೊನಾ ಸೋಂಕಿನ ಕಾಲದಲ್ಲಿ ಮಕ್ಕಳ ಸಾಲು ಬೇಗ ಸಾಗಲೆಂದು ತಾತ್ಕಾಲಿಕವಾಗಿ ಮಾಂಸವಿಲ್ಲದ ಒಂದೇ ಊಟ ಮಾಡಿದಾಗ, ಮೀನು ಮೊಟ್ಟೆ ಇದ್ದರೂ, ಮಂತ್ರಿಗಳೇ ಫ್ರೆಂಚ್ ಅಸ್ಮಿತೆಗೆ ಧಕ್ಕೆಯಾದಂತೆ ಹುಯಿಲೆಬ್ಬಿಸಿದರು. ಉತ್ತರ ಆಫ್ರಿಕದಿಂದ ಬಂದ ಕೂಸ್‌ಕೂಸ್ ಜನ ಮೆಚ್ಚುವ ಖಾದ್ಯಗಳ ಸಮೀಕ್ಷೆಗಳಲ್ಲಿ ಮೇಲಿನ ಸಾಲಿನಲ್ಲೇ ಬರುವ ದೇಶದಲ್ಲಿ ಈ ಹುಯಿಲು ನನಗೆ ನೋವಿನ ಸಂಗತಿ. ಇಲ್ಲಿಯವರೆಗೆ ನೋಡಿದ ಪುರಾವೆಗಳು ಹೇಳುವುದೇನು? ತಟ್ಟೆಯೊಳಗಿನದು ಸೀಮೆಯಿಂದ ಸೀಮೆಗೆ ಬೇರೆಯಾಗಿಯೇ ಇತ್ತು, ಕಾಲದಿಂದ ಕಾಲಕ್ಕೆ ಬದಲಾಗುತ್ತಲೇ ಬಂತು. ಕೂಡಿ ಕೂರುವ ಹೊತ್ತೇ ಅವರನ್ನು ಒಂದು ಜನವಾಗಿಸಿತು. ಹಂದಿಮಾಂಸದ ತುಂಡಿನಲ್ಲಿ ಫ್ರೆಂಚ್‌ತನ ಹುಡುಕುವವರು ಒಂದು ಮಗುವನ್ನು ಮೇಜಿನಿಂದ ಎಬ್ಬಿಸಿದಾಗ, ಕಾಯಬೇಕಾದದ್ದನ್ನೇ ತಾವಾಗಿ ಕೆಡಿಸುತ್ತಾರೆ. ಬದಲಿ ತಟ್ಟೆ ಕೊಟ್ಟು ಆ ಮಗುವನ್ನು ಕೂರಿಸಿಕೊಂಡ ಊರೇ ಪರಂಪರೆಗೆ ಹೆಚ್ಚು ನಿಷ್ಠವಾದದ್ದು.

ಕೊರೊನಾ ಕಾಲದಲ್ಲಿ, 2021ರ ಫೆಬ್ರವರಿಯಲ್ಲಿ, ಊಟದ ಮನೆಗಳಲ್ಲಿ ಜನ ಗುಂಪಾಗದಿರಲೆಂದು ಸರ್ಕಾರ ನೌಕರರಿಗೆ ತಮ್ಮ ಕೆಲಸದ ಮೇಜಿನಲ್ಲೇ ಉಣ್ಣಲು ತಾತ್ಕಾಲಿಕ ಅನುಮತಿ ಕೊಟ್ಟಿತು. ಅಂಥದೊಂದು ಅನುಮತಿ ಬೇಕಿತ್ತೆಂಬ ಸುದ್ದಿಯೇ ಹೊರಗಿನ ಪತ್ರಿಕೆಗಳಿಗೆ ಅಚ್ಚರಿಯಾಯಿತು. ಆ ಸಡಿಲಿಕೆಯ ಅವಧಿ ಮುಗಿದಿದೆ. ದುಡಿಯುವ ಜಾಗದಲ್ಲಿ ದುಡಿಯುವವರನ್ನು ಊಟಕ್ಕೆ ಕೂರಗೊಡಬಾರದೆಂದು ಮಾಲೀಕನಿಗೆ ಹೇಳುವ ಕಲಮು, ಆರ್ 4228-19, ಫ್ರಾನ್ಸಿನ ಕಾರ್ಮಿಕ ಸಂಹಿತೆಯಲ್ಲಿ ತನ್ನ ಜಾಗದಲ್ಲೇ ಇದೆ.